ಮಾತು ಬಲ್ಲ ವೀರ



ಚಿತ್ರಕಥೆಗಳನ್ನು ಕುರಿತು ಈ ಪುಟದಲ್ಲಿ ಬರೆಯುತ್ತೇವೆಂದರೆ ಕೆಲವು ಹಿರಿಯರು ಹುಬ್ಬೇರಿಸಬಹುದು. ಮಕ್ಕಳ ಕೈಯಿಂದ ಕಸಿದು ಅಟ್ಟಕ್ಕೇರಿಸುವ ಪುಸ್ತಕಗಳಿಗೆ ಇಷ್ಟು ಜಾಗ ಏಕೆಂದು ಕೇಳಲೂಬಹುದು. ಮನೆಯ ಮಕ್ಕಳು ಊಟ ಮರೆತು ಓದುವುದನ್ನು ಮನೆಯ ಹಿರಿಯರೂ ಒಮ್ಮೆ ಓದಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಓದದೆ ಬೈದರೆ ಮಕ್ಕಳು ಕೇಳುವುದಿಲ್ಲ. ಓದಿದ ಮೇಲೆ ಹೇಳಿದ ಮಾತಿಗೆ ಅವರು ಸ್ವಲ್ಪವಾದರೂ ಕಿವಿಗೊಡುತ್ತಾರೆ.

ಈ ತಿಂಗಳು ನಾವು ಎತ್ತಿಕೊಂಡಿರುವುದು ‘ಎಕ್ಸ್‌ಮೆನ್’ ಎಂಬ ಅಮೆರಿಕದ ಚಿತ್ರಕಥಾ ಮಾಲಿಕೆಯನ್ನು. ನಮ್ಮ ಮನೆಯಲ್ಲಿ ಇದಕ್ಕೆ ಎರಡು ತಲೆಮಾರಿನ ಓದುಗರಿದ್ದಾರೆ. ಇದು ಒಬ್ಬ ವೀರನ ಕಥೆಯಲ್ಲ, ಒಂದು ತಂಡದ ಕಥೆ. 1963ರಲ್ಲಿ ಆರಂಭವಾಗಿ, ನಡುವೆ ಬಿದ್ದು ಎದ್ದು, ಹೆಸರನ್ನೂ ಸಂಚಿಕೆಯ ಸಂಖ್ಯೆಯನ್ನೂ ಹಲವು ಸಲ ಬದಲಿಸಿಕೊಂಡು ಅರುವತ್ತು ವರ್ಷ ದಾಟಿ ಬಂದಿದೆ. ನಾವು ಇದನ್ನು ಮೆಚ್ಚಿ ಓದುವವರು. ಮೆಚ್ಚಿದವರಿಗೆ ಜಗಳವಾಡುವ ಹಕ್ಕೂ ಇದೆಯಷ್ಟೆ! ಆ ಹಕ್ಕನ್ನು ಇಂದು ಬಳಸಿಕೊಳ್ಳುತ್ತೇವೆ.

ನಮ್ಮ ಮನೆಗಳಿಗೆ ಬಂದ ವೀರರು

ಕನ್ನಡದ ಮನೆಗಳಿಗೆ ಚಿತ್ರಕಥೆ ಹೊಸತಲ್ಲ. 1964ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮ್, ಮ್ಯಾಂಡ್ರೇಕ್ ಮೊದಲಾದವರನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ತಂದಿತು. ‘ಸುಧಾ’ ವಾರಪತ್ರಿಕೆ ಮನೆಗೆ ಬಂದೊಡನೆ ಫ್ಯಾಂಟಮ್ ಪುಟಕ್ಕಾಗಿ ಅಣ್ಣ ತಂಗಿಯರು ಕಿತ್ತಾಡಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರು ಅಮರ ಚಿತ್ರಕಥೆಯ ಮೂಲಕ ಭಾರತದ ಮಕ್ಕಳಿಗೆಲ್ಲ ಚಿಕ್ಕಪ್ಪನಾದರು. ಆ ಮಾಲಿಕೆಯ ಮೊದಲ ಹೆಜ್ಜೆ ಮೂಡಿದ್ದು ಕನ್ನಡದಲ್ಲಿ ಎಂಬುದು ಬಹಳ ಮಂದಿಗೆ ತಿಳಿಯದು. ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಪುಸ್ತಕಗಳು ಮೊದಲು ಕನ್ನಡದಲ್ಲಿ ಬಂದವು. ಅದರಿಂದಾಗಿಯೇ ಇಂಗ್ಲಿಷಿನ ‘ಕೃಷ್ಣ’ ಪುಸ್ತಕಕ್ಕೆ 11ನೆಯ ಸಂಖ್ಯೆ ಬಿದ್ದಿತು.

ನಮ್ಮ ಕಾಸರಗೋಡಿನ ಕಡೆ ಇನ್ನೊಂದು ವಿಶೇಷ. ಕೊಟ್ಟಾಯಂನ ಮಂಗಳಂ ಪ್ರಕಾಶನದ ‘ಬಾಲಮಂಗಳ’ ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಬರುತ್ತಿತ್ತು. ಅದರ ಡಿಂಗ ಎಂಬ ಇಲಿ, ಕಾಡಿನ ಪ್ರಾಣಿಗಳನ್ನು ಕಾಪಾಡುವ ಪುಟ್ಟ ವೀರ, ಒಂದೇ ಊರಿನ ಎರಡು ಭಾಷೆಯ ಮಕ್ಕಳಿಗೆ ಸಮಾನ ಗೆಳೆಯನಾಗಿದ್ದ. ಕನ್ನಡದ ಹುಡುಗ ಡಿಂಗನೆಂದರೆ ಮಲಯಾಳದ ಹುಡುಗ ಡಿಂಕನ್ ಎನ್ನುತ್ತಿದ್ದ, ಅಷ್ಟೇ ವ್ಯತ್ಯಾಸ.

ಫ್ಯಾಂಟಮ್ ಆಗಲಿ ಡಿಂಗನಾಗಲಿ ಒಂಟಿ ವೀರರು. ಅಪಾಯ ಬಂದಾಗ ಅವನೊಬ್ಬ ಬರುತ್ತಾನೆ, ಎಲ್ಲರನ್ನೂ ಉಳಿಸುತ್ತಾನೆ. ಉಳಿದವರು ನೋಡುತ್ತಾ ನಿಲ್ಲುತ್ತಾರೆ. ಎಕ್ಸ್‌ಮೆನ್ ಕಥೆಯ ಕಟ್ಟಡವೇ ಬೇರೆ.

ತಂಡವೆಂದರೆ ಏನು?

ಸ್ಟಾನ್ ಲೀ ಬರೆದು ಜಾಕ್ ಕರ್ಬಿ ಚಿತ್ರಿಸಿದ ಮೊದಲ ಸಂಚಿಕೆಯ ಮೇಲಿರುವ ತಿಂಗಳು 1963ರ ಸೆಪ್ಟೆಂಬರ್. ಕಥೆಯ ಕಲ್ಪನೆ ಹೀಗಿದೆ. ಕೆಲವರು ಹುಟ್ಟುವಾಗಲೇ ಒಂದು ವಿಚಿತ್ರ ಶಕ್ತಿಯ ಬೀಜವನ್ನು ಹೊತ್ತಿರುತ್ತಾರೆ. ಹದಿಹರೆಯದಲ್ಲಿ ಅದು ಹೊರಬೀಳುತ್ತದೆ. ಒಬ್ಬನ ಕಣ್ಣಿನಿಂದ ಬೆಂಕಿಯಂಥ ಕಿರಣ, ಇನ್ನೊಬ್ಬನಿಗೆ ರೆಕ್ಕೆ, ಮತ್ತೊಬ್ಬನ ಮೈಯೆಲ್ಲ ಹಿಮ. ಇವರಿಗೆ ಮ್ಯೂಟೆಂಟ್ ಎಂದು ಹೆಸರು. ಜನ ಇವರನ್ನು ಕಂಡು ಹೆದರುತ್ತಾರೆ, ದ್ವೇಷಿಸುತ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಚಾರ್ಲ್ಸ್ ಝೇವಿಯರ್ ಎಂಬ ಪ್ರಾಧ್ಯಾಪಕ ಇಂಥ ಮಕ್ಕಳಿಗಾಗಿ ಒಂದು ಶಾಲೆ ತೆರೆಯುತ್ತಾನೆ. ತನ್ನ ಶಕ್ತಿಗೆ ತಾನು ಹೆದರದಂತೆ, ಅದರಿಂದ ಇತರರಿಗೆ ನೋವಾಗದಂತೆ ಬಾಳಲು ಅಲ್ಲಿ ಕಲಿಸುತ್ತಾರೆ.

ಎದುರು ಪಕ್ಷದಲ್ಲಿ ಮ್ಯಾಗ್ನೆಟೋ ಇದ್ದಾನೆ. ಹಿಟ್ಲರನ ಯಾತನಾ ಶಿಬಿರದಿಂದ ಬದುಕುಳಿದವನೆಂದು ಅವನ ಪೂರ್ವಕಥೆ. ಬಹುಸಂಖ್ಯೆಯ ಜನ ನಮ್ಮನ್ನು ಎಂದೂ ಬಾಳಗೊಡರು, ಆದ್ದರಿಂದ ನಾವೇ ಅವರನ್ನು ಆಳಬೇಕು ಎಂಬುದು ಅವನ ವಾದ. ಝೇವಿಯರ್ ಮತ್ತು ಮ್ಯಾಗ್ನೆಟೋ ಹಳೆಯ ಗೆಳೆಯರು. ಅವರಿಬ್ಬರ ನಡುವಿನ ಈ ಚರ್ಚೆಯೇ ಮಾಲಿಕೆಯ ಜೀವಾಳ. ಹೊಡೆದಾಟದ ಪುಟಗಳನ್ನೆಲ್ಲ ತೆಗೆದುಹಾಕಿದರೂ ಆ ಚರ್ಚೆ ಉಳಿಯುತ್ತದೆ.

ಮೊದಲ ತಂಡದ ಐವರೂ ಅಮೆರಿಕದ ಮಕ್ಕಳು. ಮಾರಾಟ ಕುಸಿದು 1970ರಿಂದ ಐದು ವರ್ಷ ಹಳೆಯ ಕಥೆಗಳನ್ನೇ ಮರುಮುದ್ರಿಸಿ ಹೊರಡಿಸಿದರು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಹೊಸ ತಂಡ ಕಟ್ಟಿದಾಗ ಮಾಲಿಕೆಗೆ ಮರುಜೀವ ಬಂದಿತು. ಕೆನ್ಯಾದಿಂದ ಸ್ಟಾರ್ಮ್, ಜರ್ಮನಿಯಿಂದ ನೈಟ್‌ಕ್ರಾಲರ್, ರಷ್ಯದ ಹಳ್ಳಿಯಿಂದ ಕೊಲೋಸಸ್, ಕೆನಡಾದಿಂದ ವುಲ್ವರಿನ್ ಹೀಗೆ ಬೇರೆ ಬೇರೆ ದೇಶದವರು ಬಂದು ಒಂದೇ ಊಟದ ಮೇಜಿನ ಸುತ್ತ ಕುಳಿತರು. ಅದೇ ವರ್ಷದಿಂದ 1991ರವರೆಗೆ ಕ್ರಿಸ್ ಕ್ಲೇರ್ಮಾಂಟ್ ಎಂಬ ಒಬ್ಬನೇ ಲೇಖಕ ಕಥೆಯನ್ನು ನಡೆಸಿದ. 1991ರಲ್ಲಿ ಜಿಮ್ ಲೀ ಚಿತ್ರಿಸಿದ ಹೊಸ ಒಂದನೆಯ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಗಿ ಗಿನ್ನೆಸ್ ದಾಖಲೆಗೆ ಸೇರಿತು.

ನಮ್ಮ ಯಕ್ಷಗಾನ ಮೇಳವನ್ನು ನೆನೆಸಿಕೊಳ್ಳಿರಿ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತು ಬಣ್ಣದ ವೇಷಗಳು ಒಟ್ಟಿಗೆ ರಂಗಕ್ಕೆ ಬಂದು ಅಟ್ಟಹಾಸ ಮಾಡಿದರೆ ಪ್ರಸಂಗವಾಗುವುದಿಲ್ಲ. ಸ್ತ್ರೀವೇಷ ಬೇಕು, ಹಾಸ್ಯ ಬೇಕು, ದೂತ ಬೇಕು, ಸುಮ್ಮನೆ ನಿಂತು ಕೇಳುವ ಮಂತ್ರಿಯೂ ಬೇಕು. ಒಳ್ಳೆಯ ತಂಡದ ಕಥೆಯೂ ಹಾಗೆಯೇ. ಎಲ್ಲರಿಗಿಂತ ಬಲಶಾಲಿ ಯಾರು ಎಂದು ಮಕ್ಕಳು ಕೇಳುತ್ತಾರೆ. ಯಾರಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂದು ಕೇಳಲು ಅವರಿಗೆ ಕಲಿಸಬೇಕು. ಆ ಪ್ರಶ್ನೆಗೆ ನಮ್ಮ ಉತ್ತರ ವುಲ್ವರಿನ್ ಅಲ್ಲ, ಸ್ಟಾರ್ಮ್ ಅಲ್ಲ. ಡಗ್ ರಾಮ್ಸಿ ಎಂಬ ಒಬ್ಬ ಸಾಧಾರಣ ಹುಡುಗ.

ಜಗಳವಾಡಲು ಬಾರದ ಹುಡುಗ

ಡಗ್ ರಾಮ್ಸಿ ಮೊದಲು ಕಾಣಿಸಿಕೊಂಡದ್ದು 1984ರಲ್ಲಿ, ‘ನ್ಯೂ ಮ್ಯೂಟೆಂಟ್ಸ್’ ಎಂಬ ಉಪಮಾಲಿಕೆಯಲ್ಲಿ. ಅವನ ವೀರನಾಮ ಸೈಫರ್. ಶಕ್ತಿ ಏನು ಗೊತ್ತೇ? ಯಾವ ಭಾಷೆಯನ್ನಾದರೂ ಕೇಳಿದರೆ ಸಾಕು, ಅವನಿಗೆ ಅರ್ಥವಾಗುತ್ತದೆ. ಬರಹವಾಗಲಿ, ಸಂಕೇತವಾಗಲಿ, ಗಣಕಯಂತ್ರದ ಭಾಷೆಯಾಗಲಿ, ಅವನಿಗೆ ಗುಟ್ಟೆಂಬುದಿಲ್ಲ. ಅಷ್ಟೇ. ಹಾರಲಾರ, ಗೋಡೆ ಒಡೆಯಲಾರ, ಒಂದು ಪೆಟ್ಟು ಬಿದ್ದರೆ ಎಲ್ಲರಂತೆ ಅವನಿಗೂ ನೋವಾಗುತ್ತದೆ.

ಅದೇ ವರ್ಷದ ಒಂದು ಸಂಚಿಕೆಯಲ್ಲಿ ಆಕಾಶದಿಂದ ಒಂದು ವಿಕಾರ ಜೀವಿ ಶಾಲೆಯ ಅಂಗಳಕ್ಕೆ ಬೀಳುತ್ತದೆ. ಯಂತ್ರವೋ ಪ್ರಾಣಿಯೋ ತಿಳಿಯದು. ಗಳಿಗೆಗೊಂದು ರೂಪ ತಾಳುತ್ತದೆ. ಹುಡುಗರು ಹೆದರಿ ಅದರ ಮೇಲೆ ಬೀಳುತ್ತಾರೆ, ಅದೂ ತಿರುಗಿ ಬೀಳುತ್ತದೆ. ಕೊನೆಗೆ ಡಗ್‌ನನ್ನು ಕರೆತರುತ್ತಾರೆ. ತನಗೊಂದು ಶಕ್ತಿಯಿದೆಯೆಂದು ಆ ತನಕ ಅವನಿಗೂ ಗೊತ್ತಿಲ್ಲ, ಗಣಕಯಂತ್ರದಲ್ಲಿ ಜಾಣನೆಂದಷ್ಟೇ ತಿಳಿದಿದ್ದ. ಅವನು ಆ ಜೀವಿಯ ಮಾತನ್ನು ಕೇಳುತ್ತಾನೆ. ಅದು ಆಕ್ರಮಣಕ್ಕೆ ಬಂದುದಲ್ಲ, ತನ್ನನ್ನು ಕೊಲ್ಲಬಯಸುವ ತಂದೆಯಿಂದ ತಪ್ಪಿಸಿಕೊಂಡು ಬಂದ ಮಗು! ವಾರ್ಲಾಕ್ ಎಂಬ ಆ ಜೀವಿ ಮುಂದೆ ಡಗ್‌ನ ಪ್ರಾಣಸ್ನೇಹಿತನಾಗುತ್ತದೆ. ಹತ್ತು ವೀರರು ಹೊಡೆದು ಮುಗಿಸಲಾಗದ ಜಗಳವನ್ನು ಒಬ್ಬನು ಕೇಳಿ ಮುಗಿಸಿದ. ಮಾಲಿಕೆಯ ಸಾವಿರಾರು ಪುಟಗಳಲ್ಲಿ ನಮಗೆ ಅತ್ಯಂತ ಪ್ರಿಯವಾದ ಘಟ್ಟ ಇದು.

ಆದರೆ ಮುಂದೇನಾಯಿತು? ಓದುಗರಿಗೆ ಡಗ್ ರುಚಿಸಲಿಲ್ಲ. ಅವನನ್ನು ಹಳಿದು ಪತ್ರಗಳು ಬರುತ್ತಿದ್ದವೆಂದೂ, ಹೊಡೆದಾಟದಲ್ಲಿ ಮರದ ಹಿಂದೆ ಅಡಗುವವನನ್ನು ಚಿತ್ರಿಸುವುದು ಕಲಾವಿದರಿಗೆ ಬೇಸರವಾಗಿತ್ತೆಂದೂ ಆಗಿನ ಲೇಖಕಿ ಲೂಯಿಸ್ ಸೈಮನ್ಸನ್ ಬಳಿಕ ಹೇಳಿದ್ದಾರೆ. 1988ರ ಸಂಚಿಕೆಯಲ್ಲಿ, ಗೆಳತಿಯ ಕಡೆಗೆ ಬಂದ ಗುಂಡಿಗೆ ತಾನು ಅಡ್ಡ ನಿಂತು ಡಗ್ ಪ್ರಾಣ ಬಿಟ್ಟ. ಕೈ ಎತ್ತದವನು ಕಥೆಗೆ ಬೇಡವಾದ.

ಇಲ್ಲಿ ನಮ್ಮ ಮೊದಲ ಜಗಳ. ಅಮೆರಿಕದ ಓದುಗರಿಗೆ ಪ್ರಯೋಜನವಿಲ್ಲದ್ದೆಂದು ಕಂಡ ಶಕ್ತಿ ನಮ್ಮ ಮಧೂರಿನಲ್ಲಿ ದಿನನಿತ್ಯದ ಬಂಡವಾಳ. ಮಧುವಾಹಿನಿ ಹೊಳೆಯ ದಂಡೆಯಲ್ಲಿರುವ ಗಣಪತಿಯ ದೇವಸ್ಥಾನದ ಎದುರು ಒಂದು ಗಳಿಗೆ ನಿಂತು ಕಿವಿಗೊಟ್ಟು ನೋಡಿ. ಎಂಟು ವರ್ಷದ ಮಗು ಅಮ್ಮನೊಡನೆ ಕನ್ನಡ ಆಡುತ್ತದೆ, ಹೂವಿನವಳೊಡನೆ ತುಳು, ಬಸ್ಸಿನ ಕಂಡಕ್ಟರನೊಡನೆ ಮಲಯಾಳ. ಪಕ್ಕದ ಮನೆಯ ಕೊಂಕಣಿಯೋ ಬ್ಯಾರಿಯೋ ಆಡಲು ಬಾರದಿದ್ದರೂ ಅರ್ಥವಾಗುತ್ತದೆ. ಕಾಸರಗೋಡಿಗೆ ಸಪ್ತಭಾಷಾ ಸಂಗಮ ಭೂಮಿ ಎಂಬ ಹೆಸರು ಸುಮ್ಮನೆ ಬಂದುದಲ್ಲ. ಸೈಫರ್ ಹುಟ್ಟಿದ 1984ರಲ್ಲಿಯೇ, ಮೇ 24ರಂದು, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕಾಕತಾಳೀಯವೆನ್ನಿ, ನಮಗಂತೂ ಅದನ್ನು ನೆನೆದಾಗ ನಗು ಬರುತ್ತದೆ.

ಇಂಥ ವೀರ ನಮ್ಮಲ್ಲಿ ನಿಜವಾಗಿಯೂ ಇದ್ದರು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಇಪ್ಪತ್ತಕ್ಕೂ ಹೆಚ್ಚು ಭಾಷೆ ಬಲ್ಲವರೆಂದು ಪ್ರಸಿದ್ಧರು. ಮನೆಮಾತು ಕೊಂಕಣಿ, ಊರ ಮಾತು ತುಳು, ಬರೆದದ್ದು ಕನ್ನಡ. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಕಾವ್ಯವಾಗಿಸಿದರು, ದೂರದ ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಅವರು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6ರಂದು, ಎಕ್ಸ್‌ಮೆನ್‌ನ ಮೊದಲ ಸಂಚಿಕೆಯ ಮೇಲೆ ಅಚ್ಚಾದ ಅದೇ ತಿಂಗಳಿನಲ್ಲಿ. ಮಂಜೇಶ್ವರದಲ್ಲಿ ಇದ್ದು ಹೋದ ಶಕ್ತಿಯನ್ನು ಕಲ್ಪಿಸಲು ಅಮೆರಿಕದ ಚಿತ್ರಕಥೆಗೆ ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ವ್ಯತ್ಯಾಸಕ್ಕೆ ಔಷಧ ಬೇಕೇ?

2004ರಲ್ಲಿ ಜಾಸ್ ವೆಡನ್ ಬರೆದು ಜಾನ್ ಕ್ಯಾಸಡೇ ಚಿತ್ರಿಸಿದ ‘ಅಸ್ಟಾನಿಶಿಂಗ್ ಎಕ್ಸ್‌ಮೆನ್’ನಲ್ಲಿ ಕವಿತಾ ರಾವ್ ಎಂಬ ಭಾರತೀಯ ವಿಜ್ಞಾನಿಯ ಪಾತ್ರ ಬರುತ್ತದೆ. ನಮ್ಮ ಕಡೆಯ ಹೆಸರಿನಂತಿರುವ ಆ ಹೆಸರು ಕಂಡಾಗ ಮಕ್ಕಳಿಗೆ ಬಹಳ ಸಂತೋಷವಾಯಿತು. ಮ್ಯೂಟೆಂಟ್ ಆಗಿರುವುದು ಒಂದು ರೋಗವೆಂದೂ, ಅದಕ್ಕೆ ತಾನು ಔಷಧ ಕಂಡುಹಿಡಿದಿರುವೆನೆಂದೂ ಆಕೆ ಸಾರುತ್ತಾಳೆ. ಕೂಡಲೇ ಔಷಧ ಬೇಕೆಂದು ಜನ ಸಾಲುಗಟ್ಟುತ್ತಾರೆ. ಶಾಲೆಯಲ್ಲೇ ಕೆಲವರಿಗೆ ಆಸೆಯಾಗುತ್ತದೆ. ಎಲ್ಲರಂತೆ ಇದ್ದುಬಿಡಬಹುದಲ್ಲ!

ಈ ಭಾಗವನ್ನು ಓದುವಾಗ ನಮಗೆ ನಮ್ಮ ಮನೆಗಳೇ ನೆನಪಾದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಮಧೂರು ಆ ಭಾಗದಲ್ಲಿಯೇ ಇದೆ. ಶಿಫಾರಸು ಜಾರಿಗೆ ಬರಲಿಲ್ಲ. ಅಲ್ಲಿಂದ ನಾವು ನಮ್ಮ ಮನೆಯಲ್ಲಿ ಕುಳಿತೇ ಅಲ್ಪಸಂಖ್ಯಾತರು. ಕನ್ನಡ ಮಾಧ್ಯಮದಲ್ಲಿ ಓದಿದರೆ ಮಗುವಿಗೆ ಮುಂದೇನು ಗತಿ ಎಂಬ ಪ್ರಶ್ನೆಯನ್ನು ಇಲ್ಲಿನ ಪ್ರತಿಯೊಬ್ಬ ತಾಯಿತಂದೆಯೂ ಒಮ್ಮೆಯಾದರೂ ಕೇಳಿಕೊಂಡಿದ್ದಾರೆ. ಕನ್ನಡವನ್ನು ಬಿಡಿಸುವುದೇ ಔಷಧವೆಂದು ತಿಳಿದವರೂ ಇದ್ದಾರೆ. ಅವರನ್ನು ನಾವು ಹಳಿಯುವುದಿಲ್ಲ, ಮಗುವಿನ ಹೊಟ್ಟೆಪಾಡು ಸಣ್ಣ ಮಾತಲ್ಲ. ಆದರೆ ಮಗುವಿನಲ್ಲಿ ಹೆಚ್ಚಾಗಿರುವುದನ್ನು ಕೊರತೆಯೆಂದು ಅದಕ್ಕೆ ಹೇಳಿಕೊಡಬಾರದು ಎನ್ನುತ್ತೇವೆ.

ಹೋಲಿಕೆಯನ್ನು ಬಹಳ ದೂರ ಎಳೆಯುವುದೂ ಸರಿಯಲ್ಲ. ಕಥೆಯ ಮ್ಯೂಟೆಂಟ್‌ರನ್ನು ಬೇಟೆಯಾಡಲು ದೈತ್ಯ ಯಂತ್ರಗಳು ಬರುತ್ತವೆ. ನಮ್ಮ ಹಿಂದೆ ಯಾರೂ ಓಡಿಸಿಕೊಂಡು ಬಂದಿಲ್ಲ. ನಮ್ಮ ಮಲಯಾಳದ ನೆರೆಹೊರೆಯವರೊಡನೆ ಮದುವೆ ಮುಂಜಿಗಳಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತೇವೆ. ನಮ್ಮ ಕಷ್ಟ ಕಚೇರಿಯ ಅರ್ಜಿಯದ್ದು, ಪರೀಕ್ಷೆಯ ಪ್ರಶ್ನೆಪತ್ರಿಕೆಯದ್ದು, ಪಾಠ ಹೇಳುವ ಗುರುವಿಗೆ ಕನ್ನಡ ಬರುತ್ತದೆಯೋ ಎಂಬುದರದ್ದು. ಸಣ್ಣದೇ ಸರಿ, ಆದರೆ ಪ್ರತಿ ತಲೆಮಾರಿಗೂ ಹೊಸದಾಗಿ ಎದುರಾಗುತ್ತದೆ.

ದ್ವೀಪದ ಭಾಷೆ

ಸತ್ತ ಡಗ್ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಕಥೆಗೆ ಮರಳಿದ. ಅವನಿಗೆ ತಕ್ಕ ಗೌರವ ಸಿಕ್ಕಿದ್ದು 2019ರಲ್ಲಿ. ಆ ವರ್ಷ ಜೊನಾಥನ್ ಹಿಕ್‌ಮನ್ ಎಂಬ ಲೇಖಕ ಇಡೀ ಮಾಲಿಕೆಯನ್ನು ತಿರುಗಿಸಿ ಹಾಕಿದ. ಮ್ಯೂಟೆಂಟ್‌ರು ಕ್ರಾಕೋವಾ ಎಂಬ ದ್ವೀಪಕ್ಕೆ ಹೋಗಿ ತಮ್ಮದೇ ರಾಷ್ಟ್ರ ಕಟ್ಟುತ್ತಾರೆ. ಆ ದ್ವೀಪಕ್ಕೆ ಜೀವವಿದೆ. 1975ರ ಹೊಸ ತಂಡ ತನ್ನ ಮೊದಲ ಕಥೆಯಲ್ಲಿ ಹೋರಾಡಿದ್ದು ಇದೇ ದ್ವೀಪದ ಮೇಲೆ. ನಲವತ್ತನಾಲ್ಕು ವರ್ಷಗಳ ಹಿಂದಿನ ಶತ್ರು ಈಗ ತಾಯ್ನೆಲವಾಯಿತು. ಕಾರಣ, ಡಗ್ ಅದರೊಡನೆ ಮಾತಾಡಿದ. ದ್ವೀಪದ ಮಾತನ್ನು ಕೇಳಿ ತಿಳಿಯಬಲ್ಲವನು ಅವನೊಬ್ಬನೇ.

ಹೊಸ ರಾಷ್ಟ್ರಕ್ಕೆ ಹೊಸ ಭಾಷೆ, ಹೊಸ ಲಿಪಿ. ಆ ಲಿಪಿಯನ್ನು ಚಿತ್ರಕಥೆಯ ಪುಟಗಳಲ್ಲಿ ನಿಜವಾಗಿಯೂ ಅಚ್ಚು ಹಾಕಿದರು. ಓದುಗರು ಒಂದೊಂದೇ ಅಕ್ಷರ ಬಿಡಿಸಿ ಓದತೊಡಗಿದರು. ನಮ್ಮ ಮನೆಯ ಹುಡುಗರೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಷರಮಾಲೆ ಬರೆದು ಗೋಡೆಗೆ ಅಂಟಿಸಿದ್ದರು. ಕನ್ನಡದ ಒತ್ತಕ್ಷರಕ್ಕೆ ಅಳುವ ಮಕ್ಕಳು ಇಲ್ಲದ ದೇಶದ ಲಿಪಿಯನ್ನು ನಗುನಗುತ್ತಾ ಕಲಿತದ್ದನ್ನು ಕಂಡು ನಾವೂ ನಕ್ಕೆವು. ಅಕ್ಷರದ ಹಿಂದೆ ಒಂದು ಕಥೆಯಿದ್ದರೆ ಮಕ್ಕಳು ಯಾವ ಲಿಪಿಯನ್ನೂ ಕಲಿಯುತ್ತಾರೆ. ನಮ್ಮ ಕನ್ನಡ ಪಾಠದ ಗುರುಗಳು ಇದನ್ನು ಗಮನಿಸಬೇಕು.

ಕ್ರಾಕೋವಾದ ಮೂರು ಕಾನೂನುಗಳಲ್ಲಿ ಒಂದು, ಮನುಷ್ಯರನ್ನು ಕೊಲ್ಲಕೂಡದೆಂಬುದು. 2021ರಲ್ಲಿ ಆರಂಭವಾದ ‘ಇನ್ಫರ್ನೋ’ಎಂಬ ನಾಲ್ಕು ಸಂಚಿಕೆಗಳ ಕಥೆಯಲ್ಲಿ ಇಬ್ಬರು ಸೇಡಿಗಾಗಿ ಒಬ್ಬಳನ್ನು ಕೊಲ್ಲಲು ಮುಂದಾಗುತ್ತಾರೆ. ಆಗ ಅಡ್ಡ ಬರುವವನು ಡಗ್. ಅವಳಿಂದ ಕೇಡಾಗಿದೆಯೆಂದು ಅವನಿಗೂ ಗೊತ್ತು. ದ್ವೀಪ ಕೇಳಿಸಿಕೊಂಡದ್ದನ್ನೆಲ್ಲ ಅವನೂ ಕೇಳಿಸಿಕೊಂಡಿದ್ದಾನೆ. ಆದರೂ ಕೊಲೆ ಬೇಡವೆಂದು ನಿಲ್ಲಿಸುತ್ತಾನೆ. ಮರದ ಹಿಂದೆ ಅಡಗುವವನೆಂದು ಹಳಿಸಿಕೊಂಡವನು ಮೂವತ್ತು ವರ್ಷಗಳ ಮೇಲೆ ತಂಡದ ಮನಸ್ಸಾಕ್ಷಿಯಾದುದನ್ನು ಓದಿದಾಗ ನಮ್ಮಲ್ಲಿ ಕೆಲವರ ಕಣ್ಣು ಒದ್ದೆಯಾಯಿತು.

ಆದರೂ ಕ್ರಾಕೋವಾ ಎಂಬ ಕಲ್ಪನೆಯನ್ನು ನಾವು ಪೂರ್ತಿಯಾಗಿ ಒಪ್ಪಲಿಲ್ಲ. ಎಲ್ಲರಿಂದ ಬೇರೆಯಾಗಿ ದ್ವೀಪ ಸೇರಿದ ಮೇಲೆ ಸೈಫರ್‌ಗೆ ಕೆಲಸ ಕಡಿಮೆಯಾಗುತ್ತದೆ. ಒಂದೇ ಭಾಷೆಯನ್ನು ಎಲ್ಲರ ತಲೆಗೂ ಮನೋಶಕ್ತಿಯಿಂದ ತುಂಬಿದ ನಾಡಿನಲ್ಲಿ ಭಾಷಾಂತರಕಾರನಿಗೆ ಏನು ಕೆಲಸ? ಹಳೆಯ ಶಾಲೆ ಊರಿನ ನಡುವೆ ಇತ್ತು. ಅದರ ಕಿಟಕಿಗೆ ಕಲ್ಲು ಬೀಳುತ್ತಿತ್ತು, ನಿಜ. ಆದರೂ ಆ ಶಾಲೆಯೇ ನಮಗೆ ಹೆಚ್ಚು ಇಷ್ಟ. ಕ್ರಾಕೋವಾದ ಕಥೆ 2024ರ ಜೂನ್ ತಿಂಗಳಿಗೆ ಮುಗಿಯಿತು. ಮರು ತಿಂಗಳೇ ಜೆಡ್ ಮೆಕೇ ಬರೆದ ಹೊಸ ಒಂದನೆಯ ಸಂಚಿಕೆ ಬಂದಿತು. ತಂಡ ಅಲಾಸ್ಕಾದ ಒಂದು ಸಣ್ಣ ಊರಿನಲ್ಲಿ, ಸಾಮಾನ್ಯ ಜನರ ನಡುವೆ ಬಿಡಾರ ಹೂಡಿತು. ಇದು ನಮಗೆ ಸಂತೋಷ ತಂದಿತು.

ಕೇಳುವವನು ಆಜ್ಞಾಪಿಸಿದಾಗ

ಸಂತೋಷ ಬಹಳ ದಿನ ಉಳಿಯಲಿಲ್ಲ. 2024ರಲ್ಲಿ ಬಂದ ಇನ್ನೊಂದು ಕಥೆಯಲ್ಲಿ ಅಪೋಕಲಿಪ್ಸ್ ಎಂಬ ಪ್ರಾಚೀನ ಬಲಶಾಲಿ ತನ್ನ ಉತ್ತರಾಧಿಕಾರಿಯಾಗಿ ಆರಿಸಿದ್ದು ಯಾರನ್ನು? ಡಗ್ ರಾಮ್ಸಿಯನ್ನು! ಅವನ ಹೊಸ ಹೆಸರು ರೆವೆಲೇಶನ್. 2025ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಏಜ್ ಆಫ್ ರೆವೆಲೇಶನ್’ ಹತ್ತು ವರ್ಷ ಮುಂದಿನ ಲೋಕವನ್ನು ತೋರಿಸಿತು. ಅಲ್ಲಿ ಡಗ್ ಒಂದು ಸೀಮೆಯ ಒಡೆಯ. ಭಾಷೆಯನ್ನು ತಿಳಿಯುವ ಅವನ ಶಕ್ತಿ ಬೆಳೆದು, ಅವನು ಆಡಿದ ಮಾತನ್ನು ಕೇಳಿದವರು ಮೀರಲಾರದಂತೆ ಆಗಿದೆ.

ನಮ್ಮ ಮನೆಯ ಕಿರಿಯರು ಇದನ್ನು ಬಹಳ ಮೆಚ್ಚಿಕೊಂಡರು. ‘ಈಗ ನೋಡಿ, ಎಲ್ಲರಿಗಿಂತ ಬಲಶಾಲಿ ಅವನೇ’ ಎಂದರು. ನಮಗೆ ದುಃಖವಾಯಿತು. ವಾರ್ಲಾಕ್‌ನ ಅಳುವನ್ನು ಕೇಳಿಸಿಕೊಂಡ ಹುಡುಗ, ಶತ್ರು ದ್ವೀಪವನ್ನು ಮಾತಿನಿಂದ ತಾಯ್ನೆಲ ಮಾಡಿದ ಹುಡುಗ, ಈಗ ಯಾರ ಮಾತನ್ನೂ ಕೇಳಬೇಕಾಗಿಲ್ಲ. ಅವನು ಹೇಳಿದರೆ ಸಾಕು, ಉಳಿದವರು ಮಾಡಬೇಕು. ಲೇಖಕರು ಅವನಿಗೆ ಬಲ ಕೊಟ್ಟು ಅವನ ಗುಣವನ್ನು ಕಸಿದರು ಎಂಬುದು ನಮ್ಮ ದೊಡ್ಡ ತಕರಾರು. ಮೆಕೇ ಇದನ್ನು ಅವನತಿಯ ಕಥೆಯಾಗಿಯೇ ಬರೆದಿದ್ದಾನೆ, ಅಷ್ಟು ಮಟ್ಟಿಗೆ ಅವನಿಗೆ ನ್ಯಾಯ ಸಲ್ಲಬೇಕು. ಆದರೆ ಜಗಳವಾಡಲು ಬಾರದವನನ್ನು ಉಳಿಸಿಕೊಳ್ಳಲು ಮಾಲಿಕೆಗೆ ಗೊತ್ತಿರುವುದು ಎರಡೇ ದಾರಿಯೆಂದು ಇದರಿಂದ ಕಾಣುತ್ತದೆ. ಒಂದೋ ಅವನು ಸಾಯಬೇಕು, ಇಲ್ಲವೇ ಎಲ್ಲರನ್ನೂ ಆಳಬೇಕು.

ಭಾಷೆಗೆ ಈ ಎರಡು ಮುಖ ಇರುವುದು ಕಥೆಯಲ್ಲಿ ಮಾತ್ರವಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಮಲಯಾಳದ ಮೇಲಿನ ದ್ವೇಷದಿಂದ ಇಳಿದವರಲ್ಲ. ಅದೇ ಮಲಯಾಳವನ್ನು ಅವರು ಪೇಟೆಯಲ್ಲಿ ನಿತ್ಯ ಆಡುತ್ತಾರೆ. ಒಲಿದು ಕಲಿತ ಭಾಷೆ ಆಜ್ಞೆಯಾಗಿ ಬಂದಾಗ ಮನಸ್ಸು ಮುದುಡುತ್ತದೆ. ಇದೇ ಅಳತೆಯನ್ನು ನಾವು ನಮಗೂ ಹಿಡಿಯಬೇಕು. ಬೆಂಗಳೂರಿಗೆ ದುಡಿಯಲು ಬಂದವನನ್ನು ಕನ್ನಡ ಬಾರದೆಂದು ಗದರುವುದೂ ಆಜ್ಞೆಯೇ. ತುಳು ಆಡುವ ಮಗುವನ್ನು ಶುದ್ಧ ಕನ್ನಡ ಆಡೆಂದು ತಿದ್ದಿ ತಿದ್ದಿ ಬಾಯಿ ಮುಚ್ಚಿಸುವುದೂ ಆಜ್ಞೆಯೇ.

ಕಯ್ಯಾರ ಕಿಞ್ಞಣ್ಣ ರೈಗಳನ್ನು ಇಲ್ಲಿ ನೆನೆಯುತ್ತೇವೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ನೂರು ವರ್ಷದ ತುಂಬು ಬಾಳಿನ ಬಹುಭಾಗವನ್ನು ಹೋರಾಟದಲ್ಲಿ ಕಳೆದವರು. ಅವರೇ ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಹೋರಾಟ ಒಂದು ಕೈಯಲ್ಲಿ, ಅನುವಾದ ಇನ್ನೊಂದು ಕೈಯಲ್ಲಿ. ಸಮವಸರಣವನ್ನು ವರ್ಣಿಸುವ ನಮ್ಮ ಪುರಾಣಗಳಲ್ಲಿಯೂ, ದಿವ್ಯಧ್ವನಿ ಅಲ್ಲಿ ಕುಳಿತವರಿಗೆಲ್ಲ, ಪಶುಪಕ್ಷಿಗಳಿಗೂ ಕೂಡ, ಅವರವರ ಮಾತಿನಲ್ಲಿಯೇ ತಿಳಿಯಿತೆಂದು ಹೇಳಿದೆ. ಕೇಳುವವನ ಭಾಷೆಗೆ ಅಲ್ಲಿ ಅಷ್ಟು ಮನ್ನಣೆ.

ಉಳಿದ ತಕರಾರುಗಳು

ಅಭಿಮಾನಿಗಳ ಪಟ್ಟಿ ಸಣ್ಣದಿರುವುದಿಲ್ಲ, ಆದರೂ ಎರಡಕ್ಕೇ ನಿಲ್ಲಿಸುತ್ತೇವೆ.

ಮೊದಲನೆಯದು, ಇಲ್ಲಿ ಸಾವಿಗೆ ಬೆಲೆಯಿಲ್ಲ. 1980ರಲ್ಲಿ ಜೀನ್ ಗ್ರೇ ಸತ್ತಾಗ ಓದುಗರು ನಿಜವಾಗಿ ಮರುಗಿದರು. ಆರು ವರ್ಷ ಕಳೆಯುವಷ್ಟರಲ್ಲಿ ಅವಳು ಮರಳಿದಳು. ಕ್ರಾಕೋವಾದ ಕಾಲದಲ್ಲಂತೂ ಸತ್ತವರನ್ನೆಲ್ಲ ಎಬ್ಬಿಸುವ ವ್ಯವಸ್ಥೆಯೇ ಇತ್ತು. ಯಕ್ಷಗಾನದಲ್ಲಿ ನಿನ್ನೆ ಸತ್ತ ಅಭಿಮನ್ಯು ಇಂದು ಮತ್ತೆ ಬರುತ್ತಾನೆ. ಆದರೆ ಅದೇ ರಾತ್ರಿಯ ಪ್ರಸಂಗದಲ್ಲಿ ಎದ್ದು ಬರುವುದಿಲ್ಲ. ಬೆಳಗಾದಾಗ ಮಂಗಳ ಹಾಡುತ್ತಾರೆ, ಕಥೆ ಮುಗಿಯುತ್ತದೆ. ಮುಗಿಯುವುದರಿಂದಲೇ ಮನೆಗೆ ನಡೆದು ಬರುವ ದಾರಿಯಲ್ಲಿ ನಾವು ಅದನ್ನು ಕುರಿತು ಮಾತಾಡುತ್ತೇವೆ. ಎಕ್ಸ್‌ಮೆನ್‌ಗೆ ಮಂಗಳವಿಲ್ಲ. ಜನರ ದ್ವೇಷ ತಣಿದರೆ ಮುಂದಿನ ತಿಂಗಳ ಸಂಚಿಕೆಗೆ ಕಥೆಯಿರದು, ಆದ್ದರಿಂದ ಅದು ತಣಿಯುವುದೇ ಇಲ್ಲ.

ಎರಡನೆಯದು, ಹಣ. ಒಂದೇ ಕಾಲಕ್ಕೆ ಹಲವು ಉಪಮಾಲಿಕೆಗಳು ಹೊರಡುತ್ತವೆ. 2020ರ ‘ಎಕ್ಸ್ ಆಫ್ ಸ್ವೋರ್ಡ್ಸ್’ ಎಂಬ ಒಂದು ಕಥೆ 22 ಭಾಗಗಳಲ್ಲಿ, ಬೇರೆ ಬೇರೆ ಹೆಸರಿನ ಸಂಚಿಕೆಗಳಲ್ಲಿ ಹರಡಿತ್ತು. ಒಂದನ್ನು ಬಿಟ್ಟರೆ ಎಳೆ ತಪ್ಪುತ್ತದೆ. ಇದು ಓದುಗರ ಪ್ರೀತಿಗೆ ಹಾಕುವ ಸುಂಕ. ಹಿಂದೆ ಬೆಂಗಳೂರಿನಿಂದ ಗೋಥಮ್ ಕಾಮಿಕ್ಸ್‌ನವರು ಅಮೆರಿಕದ ಚಿತ್ರಕಥೆಗಳನ್ನು ಅಗ್ಗದ ಬೆಲೆಗೆ ಭಾರತದಲ್ಲಿಯೇ ಮುದ್ರಿಸಿ ಕೊಡುತ್ತಿದ್ದರು. ಅವರೇ 2004ರಲ್ಲಿ ಬೆಂಗಳೂರಿನ ಕಲಾವಿದ ಜೀವನ್ ಕಾಂಗ್ ಅವರ ಚಿತ್ರಗಳೊಡನೆ ಧೋತಿಯುಟ್ಟ ಸ್ಪೈಡರ್‌ಮ್ಯಾನ್‌ನನ್ನೂ ತಂದಿದ್ದರು.  ಭಾಷೆಯ ವೀರನ ಕಥೆಯನ್ನು ನಮ್ಮ ಮಕ್ಕಳು ತಮ್ಮ ಭಾಷೆಯಲ್ಲಿ ಓದಲಾರದೆ ಹೋದದ್ದು ವಿಷಾದದ ಸಂಗತಿ.

ಮಕ್ಕಳಿಗೆ ಕೊಡಬಹುದೇ?

ಕೊಡಬಹುದು, ಹತ್ತು ಹನ್ನೆರಡು ವರ್ಷ ದಾಟಿದ ಮೇಲೆ, ಮತ್ತು ಜತೆಯಲ್ಲಿ ಕುಳಿತು. ಹೊಡೆದಾಟ ಹೆಚ್ಚು ಎಂಬುದು ನಿಜ. ಕೆಲವು ಸಂಚಿಕೆಗಳು ದೊಡ್ಡವರಿಗೇ ತಕ್ಕವು. 1980ರ ದಶಕದ ಹಳೆಯ ‘ನ್ಯೂ ಮ್ಯೂಟೆಂಟ್ಸ್’ ಸಂಪುಟಗಳಿಂದ ಆರಂಭಿಸಿದರೆ ಒಳ್ಳೆಯದು. ವಾರ್ಲಾಕ್ ಬರುವ ಸಂಚಿಕೆಯನ್ನು ತಪ್ಪಿಸಬೇಡಿ. ಓದಿ ಮುಗಿಸಿದ ಮೇಲೆ, ಯಾರು ಗೆದ್ದರು ಎಂದು ಕೇಳಬೇಡಿ, ಯಾರು ಕೇಳಿಸಿಕೊಂಡರು ಎಂದು ಕೇಳಿ.

ಇನ್ನೊಂದು ಸಣ್ಣ ಕೆಲಸ ಹೇಳುತ್ತೇವೆ. ಈ ತಿಂಗಳು ಮನೆಯ ಮಕ್ಕಳಿಗೆ ಒಂದು ಹಳೆಯ ಲೆಕ್ಕದ ಪುಸ್ತಕ ಕೊಡಿ. ತಮ್ಮ ಬೀದಿಯಲ್ಲಿ ಎಷ್ಟು ಭಾಷೆ ಕೇಳುತ್ತದೆ, ನೀರಿಗೆ ಒಂದೊಂದು ಮನೆಯಲ್ಲಿ ಏನೆನ್ನುತ್ತಾರೆ, ಅಜ್ಜಿಗೆ ಏನೆನ್ನುತ್ತಾರೆ, ನೋವಾದಾಗ ಏನೆಂದು ಕೂಗುತ್ತಾರೆ ಎಂದು ಕನ್ನಡದ ಅಕ್ಷರದಲ್ಲಿ ಬರೆದಿಡಲಿ. ಮಧೂರಿನಂಥ ಊರಿನ ಮಗುವಿಗೆ ಪುಸ್ತಕ ಬೇಗನೆ ತುಂಬೀತು. ತುಂಬಿದ ಪುಸ್ತಕಗಳನ್ನು ನಮಗೆ ಕಳುಹಿಸಿಕೊಟ್ಟರೆ, ಆಯ್ದ ಮಾತುಗಳನ್ನು ಮುಂದಿನ ಸಂಚಿಕೆಗಳಲ್ಲಿ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.